ಉಳಿದ ಹನ್ನೆರಡು ನಿಂಬೆಹಣ್ಣು

ಒಂದೇ ಕಡೆ ಕೂರುವುದು ನನಗೆ ಎಂದೂ ಆಗಿಬಂದದ್ದಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತದೆ. "ಕಾಲಾಗ ಇರಿವಿ ಬಿಟ್ಕೊಂಡಿ ಏನೋ ತಮ್ಮಾ?" ಎಂದು ಅವ್ವ ಬೈಯುತ್ತಿದ್ದಳು. ಇಂಥ ನನ್ನನ್ನು ತಾಸುಗಟ್ಟಲೆ ಬೆಂಚಿನ ಮೇಲೆ ಕೂರಿಸಿದ ವಿಷಯ ಒಂದೇ ಒಂದು. ಗೊತ್ತಿಲ್ಲದ ಒಂದು ಸಂಖ್ಯೆಯನ್ನು ಗೊತ್ತಿರುವ ಸಂಖ್ಯೆಗಳ ಜಾಡು ಹಿಡಿದು ಹುಡುಕುವ ಲೆಕ್ಕ. ಈಗ ಎಲ್ಲರೂ ಅದನ್ನು ಬೀಜಗಣಿತ ಎನ್ನುತ್ತಾರೆ. ನಾನು ಕಲಿತಾಗ ಅದರ ಹೆಸರು ಜಬ್ರ್-ಒ-ಮುಕಾಬಲಾ. ಆ ಹೆಸರು ಕೇಳಿದ ಮೊದಲ ದಿನ ಯಾವುದೋ ಕುಸ್ತಿಯ ಪಟ್ಟು ಕಲಿಸುತ್ತಾರೆಂದುಕೊಂಡು ಬಹಳ ಖುಷಿಪಟ್ಟಿದ್ದೆ.

ಅದು ಹೈದರಾಬಾದ್ ಸಂಸ್ಥಾನದ ಕಾಲ. ನಮ್ಮೂರು ಭಾಲ್ಕಿ ತಾಲ್ಲೂಕಿನಲ್ಲಿ, ಮೆಹಕರದ ಹತ್ತಿರದ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಗೆ ಹೋದರೆ ಮರಾಠಿ, ಸರ್ಕಾರಿ ಶಾಲೆಗೆ ಹೋದರೆ ಉರ್ದು. ಕನ್ನಡದ ಅಕ್ಷರಗಳನ್ನು ಊರಿನ ಅಯ್ಯನವರು ತಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು ತಿದ್ದಿಸಿದ್ದರು, ಅಷ್ಟೇ. ಹತ್ತು ವರ್ಷದವನಾದಾಗ ಬೀದರಿನಲ್ಲಿದ್ದ ಸೋದರತ್ತೆಯ ಮನೆಗೆ ಬಂದು ಬಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ತಲೆಯಲ್ಲಿ ಅಂಕಿಗಳೆಲ್ಲ ಉರ್ದುವಿನಲ್ಲೇ ಓಡಾಡತೊಡಗಿದವು. ಕನಸಿನಲ್ಲಿ ಅವ್ವ ಕನ್ನಡದಲ್ಲಿ ಮಾತಾಡುತ್ತ ರೊಟ್ಟಿ ಬಡಿಸುತ್ತಿದ್ದಳು, ನಾನು ಅವನ್ನು ಏಕ್, ದೋ, ತೀನ್ ಎಂದು ಎಣಿಸುತ್ತಿದ್ದೆ.

ಲೆಕ್ಕ ಕಲಿಸುತ್ತಿದ್ದವರನ್ನು ಇಡೀ ಶಾಲೆ ಮಾಸ್ತರ್ ಸಾಬ್ ಎಂದು ಕರೆಯುತ್ತಿತ್ತು. ತೆಳ್ಳನೆಯ ಆಳು, ಕಪ್ಪು ಶೇರವಾನಿ, ಅದರ ಬಲತೋಳು ಸದಾ ಸೀಮೆಸುಣ್ಣದಿಂದ ಬೆಳ್ಳಗಾಗಿರುತ್ತಿತ್ತು. ಪುಸ್ತಕದ ಲೆಕ್ಕ ಅವರಿಗೆ ಸೇರುತ್ತಿರಲಿಲ್ಲ. ಕಿಟಕಿಯಿಂದ ಹೊರಗೆ ನೋಡಿ ಅಲ್ಲೇ ಒಂದು ಲೆಕ್ಕ ಕಟ್ಟುತ್ತಿದ್ದರು. ಕುರಿ ಹೊಡೆದುಕೊಂಡು ಹೋಗುವವನು ಕಂಡನೋ, ಇವನ ಕುರಿಗಳಿಗೆ ಇನ್ನೂ ಅಷ್ಟೇ ಕುರಿ ಬಂದು ಕೂಡಿದವು, ಮೇಲೆ ನಾಲ್ಕು ಮರಿ ಹುಟ್ಟಿದವು, ಒಟ್ಟು ಐವತ್ತಾದವು, ಹಾಗಾದರೆ ಮೊದಲು ಎಷ್ಟಿದ್ದವು? ನಾನು ಕಿಟಕಿಗೆ ಓಡಿ ಎಣಿಸಲು ಹೋದೆ. ಕಿವಿ ಹಿಡಿದು ಕರೆತಂದರು. "ಪಹಲೇ ಬೋಲೋ, ಕ್ಯಾ ನಹೀಂ ಮಾಲೂಮ್?" ಮೊದಲು ಏನು ಗೊತ್ತಿಲ್ಲ ಹೇಳು. ಗೊತ್ತಿಲ್ಲದ್ದಕ್ಕೆ ಅವರು 'ಲಾ' ಎಂಬ ಅಕ್ಷರ ಇಡುತ್ತಿದ್ದರು. ಎರಡು ಲಾ ಮತ್ತು ನಾಲ್ಕು ಸೇರಿದರೆ ಐವತ್ತು. ನಾಲ್ಕು ತೆಗೆದರೆ ನಲವತ್ತಾರು. ಅರ್ಧ ಮಾಡಿದರೆ ಇಪ್ಪತ್ತಮೂರು. ಮುಗಿಯಿತೆಂದು ನಾನು ಎದ್ದರೆ ಮತ್ತೆ ಕಿವಿಗೆ ಕೈ. ಬಂದ ಉತ್ತರವನ್ನು ಮೊದಲನೆಯ ಸಾಲಿಗೆ ವಾಪಸು ಒಯ್ದು, ಲಾ ಇದ್ದ ಜಾಗದಲ್ಲಿ ಇಟ್ಟು ನೋಡಬೇಕು. ಸಾಲು ಒಪ್ಪಿದರೆ ಲೆಕ್ಕ ಸರಿ. ಒಪ್ಪದಿದ್ದರೆ ಮೊದಲಿನಿಂದ ಮಾಡಬೇಕು. ತಾಳ್ಮೆ ಎಂಬುದು ನನ್ನಲ್ಲಿ ಏನಾದರೂ ಇದ್ದರೆ ಅದು ಆ ಕಿವಿಯ ಮೂಲಕ ಒಳಗೆ ಹೋದದ್ದು.

ಉರ್ದು ಬಲದಿಂದ ಎಡಕ್ಕೆ ಹೋಗುವ ಬರಹ. ಮಾಸ್ತರ್ ಸಾಬರ ಲೆಕ್ಕವೂ ಹಾಗೇ. ಬೋರ್ಡಿನ ಬಲಗಡೆಯ ಅಂಚಿನಲ್ಲಿ ಲಾ ಬರೆದು, ಅದರ ಎಡಕ್ಕೆ ಕೂಡುವ ಅಥವಾ ಕಳೆಯುವ ಗುರುತು, ಅದರ ಎಡಕ್ಕೆ ಅಂಕಿ, ಹೀಗೆ ಕಿಟಕಿಯ ಕಡೆಗೆ ನಡೆಯುತ್ತಿದ್ದರು. ಆರು ವರ್ಷ ನಾನು ಅವರ ಕೈಯ ಹಿಂದೆಯೇ ಕಣ್ಣು ಓಡಿಸಿದೆ. ಲೆಕ್ಕಕ್ಕೆ ಇನ್ನೊಂದು ದಿಕ್ಕು ಇರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂತು, ಸಂಸ್ಥಾನ ಮುಗಿಯಿತು, ಶಾಲೆ ಮುಚ್ಚಿತು, ರೈಲು ನಿಂತಿತು. ಅತ್ತೆ ಬೇಡವೆಂದರೂ ಕೇಳದೆ ನಾನು ಭಾಲ್ಕಿಯ ದಾರಿ ಹಿಡಿದು ನಡೆದೇ ಊರು ಸೇರಿದೆ. ಸೇರಿದ ಮೇಲೆ ಅಲ್ಲೂ ನಿಲ್ಲಲಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಹೊಲಕ್ಕೆ ಹೋಗಿ ಬರುತ್ತಿದ್ದೆ, ಹೋದ ಕೆಲಸವೇನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೂರು ವಾರಕ್ಕೆ ಬೀದರಿಗೆ ಹಿಂದಿರುಗಿದಾಗ ಓಣಿಯಲ್ಲಿ ಕೆಲವು ಬಾಗಿಲುಗಳಿಗೆ ಹೊರಗಿನಿಂದ ಬೀಗ ಬಿದ್ದಿದ್ದವು. ಯಾರ ಮನೆಯಲ್ಲಿ ಏನಾಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಮಾಸ್ತರ್ ಸಾಬರ ಅಣ್ಣತಮ್ಮಂದಿರು ದೂರ ಹೊರಟುಹೋಗಿದ್ದರು. ಅವರು ಮಾತ್ರ ಅದೇ ಶೇರವಾನಿ ತೊಟ್ಟು, ಶಾಲೆ ತೆರೆಯುವ ಮುಂಚಿನಿಂದಲೇ ಗೇಟಿನ ಹತ್ತಿರ ನಿಂತಿರುತ್ತಿದ್ದರು. "ನೀವು ಹೋಗಲಿಲ್ಲರಿ, ಸಾಬ್?" ಎಂದು ಕೇಳಿಯೇಬಿಟ್ಟೆ. ನನ್ನ ನಾಲಿಗೆಯೂ ನನ್ನ ಕಾಲಿನ ಹಾಗೆಯೇ. ಅವರು ಸಿಟ್ಟಾಗಲಿಲ್ಲ. "ಎಲ್ಲಿಗ್ಹೋಗ್ಲಿ ಬೇಟಾ? ಇಲ್ಲಿ ಲೆಕ್ಕ ಅರ್ಧಾ ಆಗ್ಯಾದ" ಎಂದರು.

ನಾನು ಶಾಲೆಯ ಕೊನೆಯ ಪರೀಕ್ಷೆ ಮುಗಿಸುವ ಹೊತ್ತಿಗೆ ಶಾಲೆಗಳಲ್ಲಿ ಒಂದೊಂದೇ ತರಗತಿಗೆ ಕನ್ನಡ ಬರತೊಡಗಿತ್ತು. ಕನ್ನಡ ಬರೆಯಬಲ್ಲವರು, ಲೆಕ್ಕವೂ ಬಲ್ಲವರು ಎಲ್ಲಿದ್ದಾರೆಂದು ಹುಡುಕಾಟ ನಡೆದಾಗ ನನ್ನ ಅದೃಷ್ಟ ಖುಲಾಯಿಸಿತು. ಔರಾದದ ಒಂದು ಶಾಲೆಯಲ್ಲಿ ತಾತ್ಕಾಲಿಕ ಮಾಸ್ತರಿಕೆ ಸಿಕ್ಕಿತು. ರೈಲಿಲ್ಲದ ಊರು, ಬಸ್ಸೇ ಗತಿ. ಬಸ್ಸಿನ ಸದ್ದು ಕೇಳಿದರೆ ಸಾಕು, ನಾನು ಪಾಠ ಬಿಟ್ಟು ಬಾಗಿಲಿಗೆ ಬಂದು ಯಾರಿಳಿದರು ಎಂದು ನೋಡುತ್ತಿದ್ದೆ. ಒಂದು ವರ್ಷ ಹೀಗೆ ನೋಡಿದ ಮೇಲೆ ಒಂದು ದಿನ ತಗಡಿನ ಟ್ರಂಕು ಹಿಡಿದು ಇಳಿದವರು ಮಾಸ್ತರ್ ಸಾಬ್. ಅವರಿಗೆ ಔರಾದಕ್ಕೆ ವರ್ಗವಾಗಿತ್ತು. ಓಡಿಹೋಗಿ ಟ್ರಂಕು ಇಸಿದುಕೊಂಡೆ. ನನಗಾದ ಸಂತೋಷ ಅವರ ಮುಖದಲ್ಲಿ ಇರಲಿಲ್ಲ.

ಮರುದಿನ ಶೇರವಾನಿಯ ಜೇಬಿನಿಂದ ಇಲಾಖೆಯ ಕಾಗದ ತೆಗೆದು ತೋರಿಸಿದರು. ಅದರಲ್ಲಿ ಬರೆದದ್ದು ಇಷ್ಟು. ಉರ್ದುವಿನಲ್ಲಿ ಕಲಿಸುತ್ತಿದ್ದವರು ಕನ್ನಡದಲ್ಲೂ ಕಲಿಸಬಲ್ಲೆವೆಂದು ತೋರಿಸಬೇಕು. ದೀಪಾವಳಿ ರಜೆಯ ಮುಂಚೆ ತಪಾಸಣೆಯ ಸಾಹೇಬರು ಬಂದು ಒಂದು ಪಾಠ ನೋಡುತ್ತಾರೆ. ಪಾಸಾದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆಗೆ. ಮಾಸ್ತರ್ ಸಾಬರಿಗೆ ಆಗ ಐವತ್ತು ದಾಟಿತ್ತು. ಕನ್ನಡ ಮಾತಾಡುತ್ತಿದ್ದರು, ಬೀದರಿನಲ್ಲಿ ಬೆಳೆದವರಿಗೆ ಅದೇನು ದೊಡ್ಡದಲ್ಲ. ಆದರೆ ಒಂದು ಅಕ್ಷರ ಬರೆಯಲು, ಓದಲು ಬರುತ್ತಿರಲಿಲ್ಲ.

"ಹೊಲ ಇಲ್ಲ, ದುಕಾನ್ ಇಲ್ಲ. ಬೋರ್ಡಿನ ಮುಂದ ನಿಂತರ ನಾ ಇದ್ದೇನಿ. ಇಲ್ಲಂದ್ರ ಇಲ್ಲ" ಎಂದರು. "ನೀ ಕಲಸ್ತಿ ಏನು?"

ನನ್ನ ಕಿವಿ ಹಿಡಿದವರಿಗೆ ನಾನು ಅಕ್ಷರ ತಿದ್ದಿಸುವುದು! ನಗು ಬಂತು, ಆಮೇಲೆ ಹೆದರಿಕೆ ಬಂತು. ಶಾಲೆ ಬಿಟ್ಟ ಮೇಲೆ ಸಂಜೆಯ ಬೆಳಕು ಇರುವಷ್ಟು ಹೊತ್ತು ಖಾಲಿ ಕೋಣೆಯಲ್ಲಿ ಇಬ್ಬರೂ ಕೂರುತ್ತಿದ್ದೆವು. ನಾನು ಕೆಟ್ಟ ಗುರು. ಅವರು ಒಂದು ಅಕ್ಷರ ಬರೆಯುವಷ್ಟರಲ್ಲಿ ಕೋಣೆಗೆ ಎರಡು ಸುತ್ತು ಹಾಕುತ್ತಿದ್ದೆ. ಅವರ ಕೈ ತಾನಾಗಿ ಬಲಗಡೆಗೆ ಹೋಗುತ್ತಿತ್ತು. "ಈ ಕಡಿ ಸಾಬ್, ಈ ಕಡಿ!" ಎಂದು ನಾನು ಕೂಗುತ್ತಿದ್ದೆ. ಸ್ವರ ನೆನಪಿದ್ದ ದಿನ ಒತ್ತಕ್ಷರ ಮರೆಯುತ್ತಿದ್ದರು. ಹೊಸ ಕನ್ನಡ ಪುಸ್ತಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಕ್ಷ' ಇಟ್ಟಿದ್ದರು. ಅದನ್ನು ನೋಡಿ ಮಾಸ್ತರ್ ಸಾಬ್ ಬೇಸರಪಟ್ಟರು. "ಲಾ ಅನ್ನಾದು ನಾಲಗಿಗಿ ಹಗುರಿತ್ತು ಬೇಟಾ. ಇದು ಗಂಟಲದಾಗ ಸಿಕ್ಕೋತದ."

"ನುಂಗ್ರಿ ಸಾಬ್, ದಿನ ಭಾಳ ಇಲ್ಲ" ಎಂದೆ.

ನುಂಗಿದರು. ಎರಡು ತಿಂಗಳಲ್ಲಿ ವಾಕ್ಯ ಬರೆಯತೊಡಗಿದರು, ನಿಧಾನವಾಗಿ, ಆದರೆ ದುಂಡಗೆ, ನನ್ನ ಅಕ್ಷರಕ್ಕಿಂತ ಚೆನ್ನಾಗಿ. ಸಂತೆಯ ಅಂಗಡಿಗಳ ಹಲಗೆಗಳನ್ನು ನಿಂತು ನಿಂತು ಓದುತ್ತಿದ್ದರು. ಓದಿ ಮುಗಿಸಿ, ಸರಿಯೇ ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಲೆಕ್ಕದ ಹೇಳಿಕೆಗಳನ್ನು ಕನ್ನಡದಲ್ಲಿ ಬರೆದು ಬರೆದು ತಿದ್ದಿದೆವು. ಸಮೀಕರಣ ಬರೆಯುವ ಜಾಗಕ್ಕೆ ಬಂದಾಗಲೆಲ್ಲ ನಾನು ಹಾಳೆ ಮಗುಚುತ್ತಿದ್ದೆ. "ಲೆಕ್ಕ ನಿಮಗ ನಾ ಏನು ಹೇಳ್ಲಿರಿ, ಸಾಬ್? ಅದು ನಿಮ್ಮದೇ ಅದ. ಅಕ್ಷರ ನೋಡ್ರಿ, ಅಕ್ಷರ." ಗೌರವದಿಂದ ಹಾಗೆ ಹೇಳಿದೆನೆಂದು ಆಗ ಅಂದುಕೊಂಡಿದ್ದೆ. ಮುಕ್ಕಾಲು ಪಾಲು ನನ್ನ ಅವಸರ ಅದು.

ಇನ್ನೊಂದು ವಿಷಯ ಹೇಳಬೇಕು. ತರಗತಿಯಲ್ಲಿ ನಾನು ಪುಸ್ತಕ ನೋಡಿ ಅದರಲ್ಲಿದ್ದಂತೆಯೇ ಎಡದಿಂದ ಬಲಕ್ಕೆ ಬೋರ್ಡಿಗೆ ಇಳಿಸುತ್ತಿದ್ದೆ. ಮಕ್ಕಳು ಹಾಗೆಯೇ ಕಲಿತಿದ್ದರು. ಆದರೆ ಪುಸ್ತಕ ಮುಚ್ಚಿಟ್ಟು ನನ್ನ ಸ್ವಂತದ ಲೆಕ್ಕ ಮಾಡುವಾಗ, ಬಾಯಲ್ಲಿ ಸಾತ್ ಸತ್ತೆ ಉನ್ಚಾಸ್ ಎಂದು ಉರ್ದು ಮಗ್ಗಿ ಹೇಳುತ್ತ, ನಾನೂ ಬಲಗಡೆಯಿಂದಲೇ ಹೊರಡುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ. ನನಗೇ ಅದು ಗೊತ್ತಿದ್ದ ಹಾಗೆ ಇರಲಿಲ್ಲ.

ಸಾಹೇಬರು ಧಾರವಾಡದ ಕಡೆಯವರು, ಬೆಳಗಿನ ಬಸ್ಸಿಗೆ ಬಂದರು. ಬಂದವರೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆ ಕೊಟ್ಟರು. "ನೀವು ಗಣಿತದವರಲ್ಲೇನ್ರಿ? ಭಾಷಾದ ತಪ್ಪು ನಾ ನೋಡತೀನಿ, ಲೆಕ್ಕದ ತಪ್ಪು ನೀವು ಗುರುತು ಮಾಡ್ರಿ. ನಿಮ್ಮ ಕಾಯಂ ವಿಷಯನೂ ನನ್ನ ಕಡೇನೇ ಅದ, ನೋಡೋಣ." ನನ್ನ ಗುರುವಿನ ಪರೀಕ್ಷೆಗೆ ನಾನು ಪರೀಕ್ಷಕ. ಮೊಣಕಾಲು ಎಷ್ಟು ಕುಣಿಯಿತೆಂದರೆ ಬೆಂಚಿನ ಆ ತುದಿಯಲ್ಲಿದ್ದ ಸಾಹೇಬರು ತಿರುಗಿ ನೋಡಿದರು.

ಮಾಸ್ತರ್ ಸಾಬ್ ಒಳಗೆ ಬಂದರು. ಶೇರವಾನಿ ಒಗೆದಿದ್ದರು, ತೋಳು ಕೂಡ ಕಪ್ಪಗಿತ್ತು. ಕಿಟಕಿಯ ಹೊರಗೆ ನೋಡಿದರು. ಒಬ್ಬ ಹೆಂಗಸು ಬುಟ್ಟಿ ಹೊತ್ತು ಹೋಗುತ್ತಿದ್ದಳು. ನನಗೆ ಜೀವ ಬಂದಂತಾಯಿತು, ಇವರು ಗೆದ್ದರು ಎಂದುಕೊಂಡೆ. ಬೋರ್ಡಿನ ಎಡಗಡೆ ಹೋಗಿ ದುಂಡಗೆ ಬರೆದರು: ಒಬ್ಬಳ ಬುಟ್ಟಿಯಲ್ಲಿ ನಿಂಬೆಹಣ್ಣು ಇದ್ದವು. ದಾರಿಯಲ್ಲಿ ಅಕ್ಕನಿಗೆ ಐದು ಕೊಟ್ಟಳು. ಹನ್ನೆರಡು ಉಳಿದವು. ಮೊದಲು ಎಷ್ಟಿದ್ದವು? ಒಂದು ಕಾಗುಣಿತವೂ ತಪ್ಪಲಿಲ್ಲ. ಸಾಹೇಬರು ತಲೆಯಾಡಿಸಿದರು.

"ಮೊದಲ ಹೇಳ್ರಿ, ಏನು ಗೊತ್ತಿಲ್ಲ?" ಎಂದು ಮಕ್ಕಳನ್ನು ಕೇಳಿದರು.

"ಎಷ್ಟ್ ಇದ್ದವು ಅನ್ನಾದು ಗೊತ್ತಿಲ್ರಿ" ಎಂದು ತರಗತಿ ಕೂಗಿತು. ಮಾಸ್ತರ್ ಸಾಬರ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಅವರು ನಿಜವಾಗಿ ಪಾಠ ಮಾಡುತ್ತಿದ್ದರು. ಆ ಖುಷಿಯಲ್ಲಿ, ಪರೀಕ್ಷೆಯನ್ನು ಮರೆತು, ಬೋರ್ಡಿನ ಬಲಗಡೆಯ ಅಂಚಿಗೆ ನಡೆದರು. ಅಲ್ಲಿ ಕ್ಷ ಬರೆದರು. ಅದರ ಎಡಕ್ಕೆ ಕಳೆಯುವ ಗುರುತು, ಅದರ ಎಡಕ್ಕೆ ಐದು, ಸಮದ ಗುರುತು, ಕೊನೆಗೆ ಹನ್ನೆರಡು. ಬೋರ್ಡಿನ ಮೇಲೆ ನಿಂತದ್ದು ಇದು:

೧೨ = ೫ − ಕ್ಷ

ನಾನು ಅವರ ಕೈಯ ಹಿಂದೆಯೇ ಕಣ್ಣು ಓಡಿಸಿದೆ. ಕ್ಷದಲ್ಲಿ ಐದು ಕಳೆದರೆ ಹನ್ನೆರಡು. ಸರಿ. ಹಾಳೆಯಲ್ಲಿ ಸರಿ ಎಂಬ ಗುರುತು ಹಾಕಿದೆ. ಐದನ್ನು ಹನ್ನೆರಡಕ್ಕೆ ಕೂಡಿ ಹದಿನೇಳು ಎಂದು ಉತ್ತರ ತೆಗೆದರು. ಅದಕ್ಕೂ ಗುರುತು ಹಾಕಿದೆ. "ಈಗ ಉತ್ತರಾ ಒಯ್ದು ಮೊದಲಿನ ಸಾಲಿನಾಗ ಇಟ್ಟು ನೋಡ್ರಿ" ಎಂದು ಅವರು ತಮ್ಮ ಹಳೆಯ ಪದ್ಧತಿಯಂತೆ ಹೇಳಿದರು.

ಮಕ್ಕಳು ಇಟ್ಟು ನೋಡಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. "ಐದರಾಗ ಹದಿನೇಳು ಹ್ಯಾಂಗ ಕಳೀಬೇಕ್ರಿ, ಸರ್?"

ಮಾಸ್ತರ್ ಸಾಬ್ ಬೋರ್ಡು ನೋಡಿದರು. ಅವರಿಗೆ ಏನೂ ತಪ್ಪು ಕಾಣಲಿಲ್ಲ. ತಿರುಗಿ ನನ್ನನ್ನು ನೋಡಿದರು. ಆ ಒಂದು ಕ್ಷಣ ನಾನು ಸರಿಯಾಗಿ ನೋಡಿದ್ದರೆ, ಎಡಗಡೆ ಕೈ ತೋರಿಸಿದ್ದರೆ, ಅವರು ನಕ್ಕು, ಒರೆಸಿ, ಬರೆದುಬಿಡುತ್ತಿದ್ದರು. ಎರಡು ತಿಂಗಳು ಈ ಕಡಿ, ಈ ಕಡಿ ಎಂದು ಕೂಗಿದವನು ನಾನೇ. ನಾನು ಮತ್ತೊಮ್ಮೆ ಬೋರ್ಡು ಓದಿದೆ, ಮತ್ತೆ ಬಲಗಡೆಯಿಂದಲೇ ಓದಿದೆ, ಗಟ್ಟಿಯಾಗಿ ತಲೆಯಾಡಿಸಿದೆ. ಸರಿ ಇದೆ.

"ಸರಿ ಅದ ಅವ್ವಾ, ಕೂಡು" ಎಂದು ಅವರು ಹುಡುಗಿಗೆ ಹೇಳಿದರು. ಹುಡುಗಿ ಕೂತಳು, ಆದರೆ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ತರಗತಿಯೆಲ್ಲ ಗುಜುಗುಜು.

ಸಾಹೇಬರು ನನ್ನ ಹಾಳೆ ನೋಡಿದರು, ಆ ಗುರುತುಗಳನ್ನು ನೋಡಿದರು. "ಸ್ವಲ್ಪ ಎದ್ದು ಅದನ್ನ ಓದ್ರಿ" ಎಂದರು.

"ಕ್ಷ ಕಳೆ ಐದು, ಸಮ ಹನ್ನೆರಡು" ಎಂದು ಓದಿದೆ.

"ಎಡಗಡೆಯಿಂದ ಓದ್ರಿ."

ಓದಲು ಬಾಯಿ ತೆರೆದೆ. ಆಗ ಕಂಡಿತು. ಮಾಸ್ತರ್ ಸಾಬರಿಗೂ ಅದೇ ಹೊತ್ತಿಗೆ ಕಂಡಿತು. ಸೀಮೆಸುಣ್ಣ ಹಿಡಿದ ಕೈ ತಂತಾನೇ ಕೆಳಗಿಳಿಯಿತು.

ಮಕ್ಕಳನ್ನು ಹೊರಗೆ ಕಳಿಸಿ ಸಾಹೇಬರು ಕೇಳಿದರು. ಕೆಟ್ಟ ಮನುಷ್ಯನಲ್ಲ, ಮೆಲ್ಲಗೇ ಕೇಳಿದರು. "ನೀವೂ ಹಿಂಗೇ ಬರೀತೀರೇನು?" ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಹೌದು, ಕಲಿಸಿದ್ದು ಅವರು, ಅವರಿಗೆ ಕನ್ನಡ ತಿದ್ದಿಸಿದ್ದು ನಾನು, ಸಮೀಕರಣದ ಹಾಳೆ ಮಗುಚಿದ್ದೂ ನಾನು, ಇಬ್ಬರ ಕಣ್ಣೂ ಒಂದೇ ಕಡೆಯಿಂದ ಹೊರಡುತ್ತದೆ, ಒಂದು ವಾರ ಕೊಡಿ, ಇಬ್ಬರೂ ತಿದ್ದಿಕೊಳ್ಳುತ್ತೇವೆ. ಇದೆಲ್ಲ ತಲೆಯಲ್ಲಿ ಸರಿಯಾಗಿ ಸಾಲಾಗಿ ಬಂತು. ಜೊತೆಗೆ ಕಾಯಂ ಎಂಬ ಮಾತೂ ಬಂತು.

"ಇಲ್ಲರಿ" ಎಂದೆ.

ಮಾಸ್ತರ್ ಸಾಬ್ ನನ್ನ ಕಡೆ ನೋಡಲಿಲ್ಲ. ಸಾಹೇಬರಿಗೆ ಹೇಳಿದರು: "ಇಲ್ಲ ಸಾಬ್. ಅವ ಎಡಕಿಂದೇ ಬರೀತಾನ. ನನಗ ಅಂಜಿ ತಲಿ ಆಡಿಸ್ಯಾನ, ಅಷ್ಟೇ. ಸಣ್ಣಾಂವ ಇದ್ದಾಗಿಂದ ನನಗ ಅಂಜ್ತಾನ." ನನ್ನ ಸುಳ್ಳಿಗೆ ಅವರು ಕಂಬ ಕೊಟ್ಟು ನಿಲ್ಲಿಸಿದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಇವತ್ತಿಗೂ ಅದು ಕಡಿಮೆಯಾಗಿಲ್ಲ. ಆಮೇಲೆ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಲೆಕ್ಕ ಕಲಿಸಿದೆ. ಒಳ್ಳೆಯ ಮಾಸ್ತರ ಎಂದು ಯಾರಾದರೂ ಹೊಗಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಸಾಹೇಬರಿಗೆ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಹಾಳೆ ನನ್ನ ಕೈಯಲ್ಲೇ ಇತ್ತು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಬಸ್ಸಿನವನು ಹಾರ್ನ್ ಬಾರಿಸತೊಡಗಿದ್ದ. "ಅವರಿಗೆ ಓದಿ ಹೇಳಿ ಸಹಿ ತಗೊಳ್ರಿ" ಎಂದು ಸಾಹೇಬರು ಚೀಲ ಎತ್ತಿಕೊಂಡರು.

ನಾನು ಓದಲು ಶುರುಮಾಡಬೇಕು, ಹಾಳೆ ಹಿಡಿದು ಬಾಗಿಲವರೆಗೆ ಹೋಗಿ ಬಂದೆ. ಮಾಸ್ತರ್ ಸಾಬ್ ಕೈ ಚಾಚಿದರು. "ಕೊಡು ಇಲ್ಲಿ. ನಾನೇ ಓದ್ತೇನಿ."

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಡಗಡೆಯ ಮೊದಲ ಅಕ್ಷರದ ಮೇಲೆ ಬೆರಳಿಟ್ಟರು. ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸುತ್ತ, ನಾನು ಕಲಿಸಿದ ಹಾಗೆಯೇ, ಗಟ್ಟಿಯಾಗಿ ಓದಿದರು. "ಇವರು... ಕನ್ನಡದಲ್ಲಿ... ಗಣಿತ... ಕಲಿಸಲು... ಅ-ಸ-ಮ-ರ್ಥ-ರು." ಕೊನೆಯ ಪದದ ಹತ್ತಿರ ತಡೆದರು, ಮತ್ತೆ ಹಿಂದಕ್ಕೆ ಹೋಗಿ ಕೂಡಿಸಿಕೊಂಡು ಸರಿಯಾಗಿ ಅಂದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅದು ಅವರು ನನ್ನ ಸಹಾಯವಿಲ್ಲದೆ ಓದಿದ ಮೊದಲ ಕಾಗದ. ಓದಿ ಮುಗಿಸಿ, ನನ್ನ ಮುಖ ನೋಡಿದರು.

"ಸರಿ ಓದಿನೇನು, ಬೇಟಾ?"

"ಸರಿ ಓದಿದ್ರಿ, ಸಾಬ್" ಎಂದೆ.